ಉಂಗುರ ಬೆರಳಿನ ಪಾಸ್‌ವರ್ಡ್

ಟೀಚರಮ್ಮನ ಅಂಗಡಿಯಲ್ಲಿ ಇದ್ದದ್ದು ಒಂದೇ ಒಂದು ಕಂಪ್ಯೂಟರ್. ಅದರ ಗಡಿಯಾರವನ್ನು ಎರಡು ನಿಮಿಷ ಮುಂದಕ್ಕೆ ಇಡಬೇಕೆಂದರೂ ಅರ್ಜಿ ಹಾಕಬೇಕಿತ್ತು. ಇದು ತಮಾಷೆಗೆ ಹೇಳುವ ಮಾತಲ್ಲ. ಮೂಲೆಯಲ್ಲಿದ್ದ ಹಳೆಯ ಟೈಪ್‌ರೈಟರಿನ ಮುಂದೆ ಕೂತು, ಬಿಳಿ ಹಾಳೆ ಏರಿಸಿ, ಎಡಗಡೆ ಸರಿಯಾಗಿ ಅಂಚು ಬಿಟ್ಟು, ಏನು ಬದಲಾಗಬೇಕು, ಯಾಕೆ ಬದಲಾಗಬೇಕು ಎಂಬುದನ್ನು ಟೈಪ್ ಮಾಡಿ ತಂದು ಅವರ ಮೇಜಿನ ಮೇಲಿಡಬೇಕು. ಟೀಚರಮ್ಮ ಕೆಂಪು ಪೆನ್ಸಿಲ್ ಹಿಡಿದು ಓದುತ್ತಾರೆ. ಒಂದು ಅಕ್ಷರ ಇನ್ನೊಂದರ ಮೇಲೆ ಹತ್ತಿ ಕೂತಿದ್ದರೆ, ಎರಡು ಪದಗಳ ನಡುವೆ ಒಂದು ಜಾಗ ಹೆಚ್ಚಾಗಿದ್ದರೆ, ಅಲ್ಲಿಗೊಂದು ಕೆಂಪು ಸುತ್ತು ಬೀಳುತ್ತದೆ. ಸುತ್ತು ಬಿದ್ದ ಅರ್ಜಿ ವಾಪಸು. ಗಡಿಯಾರ ಎರಡು ನಿಮಿಷ ಹಿಂದೆಯೇ ಓಡುತ್ತಿರುತ್ತದೆ.

ಬೀದಿಯವರು ಅವರಿಗೆ ಪರ್ಮಿಷನ್ ಟೀಚರ್ ಎಂದು ಹೆಸರಿಟ್ಟಿದ್ದು ಇದಕ್ಕೇ. ಅದು ಅವರ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ. ಹೆಸರಿಡುವವರು ಕೇಳಿ ಇಟ್ಟಿದ್ದರೆ ಚೆನ್ನಾಗಿತ್ತು ಎಂದಷ್ಟೇ ಅಂದುಕೊಂಡರಂತೆ.

ಮೂವತ್ತೆಂಟು ವರ್ಷ ಅವರು ಟೈಪಿಂಗ್ ಕಲಿಸಿದವರು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಾಲಕ್ಕೆ ಹನ್ನೆರಡು ಯಂತ್ರಗಳಿದ್ದವು. ಬೆಳಿಗ್ಗೆ ಆರಕ್ಕೆ ಶುರುವಾದರೆ ಸಂಜೆಯವರೆಗೆ ಟಕಟಕ ನಿಲ್ಲುತ್ತಿರಲಿಲ್ಲ. ಹೊಸದಾಗಿ ಬಂದವರನ್ನು ಅವರು ಯಂತ್ರದ ಮುಂದೆ ಕೂರಿಸಿ, ಬೆನ್ನ ಹಿಂದೆ ನಿಂತು, ತಮ್ಮ ಎರಡೂ ಕೈಗಳನ್ನು ಅವರ ಕೈಗಳ ಮೇಲಿಟ್ಟು, ಬೆರಳಿನ ಮೇಲೆ ಬೆರಳು ಒತ್ತಿ ಮೊದಲ ಸಾಲು ಹೊಡೆಸುತ್ತಿದ್ದರು. ಆಮೇಲೆ ಒಂದೇ ಮಾತು, ಕೀ ನೋಡಬೇಡ. ಯಾರಾದರೂ ಕದ್ದು ನೋಡಿದರೆ ಅವರ ಕೈ ಮೇಲೆ ಒಂದು ಕರವಸ್ತ್ರ ಹೊದಿಸಿಬಿಡುತ್ತಿದ್ದರು. ಹಾಗೆ ಕರವಸ್ತ್ರದ ಕೆಳಗೆ ಕಲಿತವರು ಈಗ ಎಷ್ಟೋ ಕಚೇರಿಗಳಲ್ಲಿ ಕೂತಿದ್ದಾರೆ. ಇವತ್ತಿಗೂ ಅವರು ಕೆಲಸ ಮಾಡುವಾಗ ಕಿಟಕಿಯ ಹೊರಗೆ ನೋಡುತ್ತಿರುತ್ತಾರೆ, ಸಾಹೇಬರು ಬೈಯುತ್ತಾರೆ, ಕೆಲಸದಲ್ಲಿ ಮಾತ್ರ ತಪ್ಪಿರುವುದಿಲ್ಲ.

ಆಮೇಲೆ ಕಾಲ ಬದಲಾಯಿತು. ಕಲಿಯುವವರು ಕಡಿಮೆಯಾದರು, ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋದವು. ಒಂದು ಉಳಿಯಿತು. ಬಸ್ ಓಡಿಸುವ ಮಗ ಒಂದು ಕಂಪ್ಯೂಟರ್ ತಂದಿಟ್ಟ. ಬಾಗಿಲ ಮೇಲಿನ ಬೋರ್ಡಿನಲ್ಲಿ ಟೈಪಿಂಗ್ ಕಲಿಸಲಾಗುವುದು ಎಂದಿದ್ದದ್ದು ಟೈಪಿಂಗ್ ಮಾಡಿಕೊಡಲಾಗುವುದು ಎಂದಾಯಿತು. ಕೆಲಸಕ್ಕೆ ಕೂತವಳು ಸೊಸೆ. ಅವಳು ಟೀಚರಮ್ಮನ ಕೊನೆಯ ತಂಡದ ವಿದ್ಯಾರ್ಥಿನಿ. ಕಲಿಯಲು ಬಂದವಳನ್ನು ಮಗ ನೋಡಿದ್ದು, ಆಮೇಲಿನದು, ಅದೆಲ್ಲ ಬೇರೆ ಕತೆ. ಅವಳ ಕೈ ಮೇಲೆ ಕರವಸ್ತ್ರ ಹೊದಿಸಬೇಕಾದದ್ದು ಒಂದೇ ಒಂದು ಸಲ, ಅದೂ ಮಗ ಕಿಟಕಿಯಲ್ಲಿ ಇಣುಕಿದ ದಿನ.

ಕಂಪ್ಯೂಟರ್ ಬಂದ ಮೊದಲ ವರ್ಷ ಯಾರಿಗೂ ಯಾವ ಕಟ್ಟುಪಾಡೂ ಇರಲಿಲ್ಲ. ಮಗ ತನ್ನ ಬಸ್ಸಿನ ಫೋಟೋವನ್ನು ಪರದೆಯ ತುಂಬ ಹಾಕಿದ. ಅದರ ಕಿಟಕಿಗಳ ನಡುವೆ ಫೈಲುಗಳನ್ನು ಹುಡುಕುವುದೇ ಒಂದು ಕೆಲಸವಾಯಿತು. ಒಬ್ಬ ಗಿರಾಕಿಯ ಜೊತೆ ಬಂದ ಭಾವಮೈದುನ, ಕೂತಲ್ಲಿ ಬೇಸರವಾಗಿ ಏನೇನೋ ಒತ್ತಿ, ಇಡೀ ಯಂತ್ರದ ಭಾಷೆಯನ್ನೇ ಬದಲಿಸಿ ಹೋದ. ಅದು ಯಾವ ದೇಶದ ಲಿಪಿ ಎಂದು ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಇನ್ನೊಂದು ದಿನ ಪರದೆ ತಲೆಕೆಳಗಾಯಿತು. ಟೀಚರಮ್ಮ ತಲೆ ಕೆಡಿಸಿಕೊಳ್ಳಲಿಲ್ಲ, ದಿಂಬೊಂದನ್ನು ತಂದು ಮಾನಿಟರನ್ನೇ ತಲೆಕೆಳಗು ಮಾಡಿ ಅದರ ಮೇಲೆ ಕೂರಿಸಿದರು. ಎರಡು ದಿನ ಕೆಲಸ ಹಾಗೆಯೇ ನಡೆಯಿತು. ಆದರೆ ಒಮ್ಮೆ ಯಾರೋ ತಾರೀಕನ್ನು ಮೂರು ವರ್ಷ ಹಿಂದಕ್ಕೆ ತಳ್ಳಿಬಿಟ್ಟಿದ್ದರು. ಒಂದು ಶಾಲೆಯ ಮೂವತ್ತೆರಡು ಪ್ರಮಾಣಪತ್ರಗಳು ಹಳೆಯ ತಾರೀಕಿನೊಂದಿಗೇ ಅಚ್ಚಾಗಿ ಹೋದವು. ಎಲ್ಲವನ್ನೂ ಮತ್ತೆ ಮಾಡಿಕೊಟ್ಟ ಸಂಜೆ ಟೀಚರಮ್ಮನ ಸಹನೆ ಮುಗಿಯಿತು.

ರಿಪೇರಿಯವನನ್ನು ಕರೆಸಿ, ಕುರ್ಚಿ ಕೊಟ್ಟು, ಚಹಾ ಕೊಟ್ಟು, ಇದರಲ್ಲಿ ಯಾರು ಏನು ಮಾಡಬಹುದು ಎನ್ನುವುದಕ್ಕೆ ಒಂದು ನಿಯಮ ಅಂತ ಇಲ್ಲವೇ ಎಂದು ಕೇಳಿದರು. ಇದೆ ಎಂದನವನು. ಒಬ್ಬರು ಅಡ್ಮಿನ್ ಆಗಿರುತ್ತಾರೆ, ಅವರು ಏನನ್ನು ಬೇಕಾದರೂ ಬದಲಿಸಬಹುದು. ಉಳಿದವರಿಗೆ ಸಾಮಾನ್ಯ ಖಾತೆ. ಅವರು ತಮ್ಮ ಕೆಲಸ ಮಾಡಿಕೊಳ್ಳಬಹುದು, ಆದರೆ ಯಂತ್ರದ ಸೆಟ್ಟಿಂಗಿಗೆ ಕೈ ಹಾಕಿದ ತಕ್ಷಣ ಅದು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಟೀಚರಮ್ಮನ ಮುಖ ಅರಳಿತು. ಇಷ್ಟು ಶಿಸ್ತಿನ ಯಂತ್ರವನ್ನು ಒಂದು ವರ್ಷ ಸಂತೆಯ ಹಾಗೆ ಇಟ್ಟುಕೊಂಡಿದ್ದೆವಲ್ಲ ಎಂದು ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

ಅವತ್ತೇ ಅವರು ಅಡ್ಮಿನ್ ಆದರು. ಸೊಸೆಗೊಂದು ಸಾಮಾನ್ಯ ಖಾತೆ, ಮಗನಿಗೊಂದು ಸಾಮಾನ್ಯಕ್ಕಿಂತ ಸಾಮಾನ್ಯ ಖಾತೆ, ಗಿರಾಕಿಗಳಿಗೆ ಓದಲಷ್ಟೇ ಬರುವ ಇನ್ನೊಂದು. ಹೊರಗಿನ ಪೆನ್‌ಡ್ರೈವ್ ಚುಚ್ಚಿದರೆ ಯಂತ್ರ ಅದನ್ನು ಮೂಸಿಯೂ ನೋಡದಂತೆ ಮಾಡಿಸಿದರು. ಇಂಟರ್ನೆಟ್ ಅಂತೂ ಅದರ ಹತ್ತಿರವೂ ಸುಳಿಯಬಾರದು. ಕೊನೆಗೆ ರಿಪೇರಿಯವನು, ಪಾಸ್‌ವರ್ಡ್ ಯಾರೂ ಊಹಿಸಲಾಗದಂತೆ ಇರಲಿ, ಹೆಸರು ಬೇಡ, ಹುಟ್ಟಿದ ದಿನ ಬೇಡ ಎಂದು ಬುದ್ಧಿ ಹೇಳಿದ.

ಇಲ್ಲಿ ಟೀಚರಮ್ಮ ಮಾಡಿದ ಕೆಲಸವನ್ನು ಟೈಪಿಂಗ್ ಟೀಚರ್ ಅಲ್ಲದ ಯಾರೂ ಮಾಡಲಾರರು. ಅವರು ಪದವನ್ನೂ ಆರಿಸಲಿಲ್ಲ, ಅಂಕಿಯನ್ನೂ ಆರಿಸಲಿಲ್ಲ. ಎರಡೂ ಕೈಗಳನ್ನು ಕೀಲಿಮಣೆಯ ಮೇಲಿಟ್ಟು, ಕಣ್ಣು ಮುಚ್ಚಿ, ಬೆರಳುಗಳಿಗೆ ಇಷ್ಟವಾದ ಒಂದು ಓಟ ಓಡಿಸಿದರು. ಹನ್ನೆರಡು ಬಡಿತ. ಎಡಗೈಯಿಂದ ಬಲಗೈಗೆ, ಬಲಗೈಯಿಂದ ಮತ್ತೆ ಎಡಗೈಗೆ. ಇನ್ನೊಮ್ಮೆ ಹೊಡೆ ಎಂದು ಯಂತ್ರ ಕೇಳಿದಾಗ ಬೆರಳುಗಳು ಅದನ್ನೇ ಮತ್ತೆ ಓಡಿದವು. ಪರದೆಯ ಮೇಲೆ ಬರೀ ಚುಕ್ಕಿಗಳು. ಅವು ಯಾವ ಅಕ್ಷರಗಳು ಎಂದು ಅವರೂ ನೋಡಲಿಲ್ಲ. ನೋಡಬೇಕೆನಿಸಲೂ ಇಲ್ಲ. ಗೊತ್ತಿಲ್ಲದ್ದನ್ನು ಯಾರೂ ತಮ್ಮ ಬಾಯಿಂದ ಹೊರಡಿಸಲಾರರು ಎಂದು ಅವರಿಗೆ ಬಹಳ ಹೆಮ್ಮೆ. ಅವರು ಪಾಸ್‌ವರ್ಡ್ ಹೊಡೆಯುವಾಗ ಕೋಣೆಯಲ್ಲಿ ಇದ್ದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂಬುದು ಇನ್ನೊಂದು ನಿಯಮ. ಬಾಡಿಗೆ ಕರಾರು ಟೈಪ್ ಮಾಡಿಸಲು ಬಂದ ವಕೀಲರೂ ನಿಂತಿದ್ದಾರೆ.

ಹೀಗೆ ಒಂಬತ್ತು ವರ್ಷ ನಡೆಯಿತು. ಮಗನ ಅರ್ಜಿಗಳು ಸುತ್ತುಗಳನ್ನು ಹೊತ್ತುಕೊಂಡು ವಾಪಸಾದವು. ಸೊಸೆಯ ಅರ್ಜಿಗಳು ಮಂಜೂರಾದವು. ಒಂದನ್ನು ಬಿಟ್ಟು. ಎರಡು ವರ್ಷದ ಹಿಂದೆ ಅವಳು ತಂದಿಟ್ಟ ಹಾಳೆಯಲ್ಲಿ ಒಂದೇ ಸಾಲಿತ್ತು. ಈ ಕಂಪ್ಯೂಟರಿನಲ್ಲಿ ನನಗೂ ಅಡ್ಮಿನ್ ಅಧಿಕಾರ ಕೊಡಬೇಕಾಗಿ ವಿನಂತಿ.

ಟೀಚರಮ್ಮ ಅದನ್ನು ಭೂತಗನ್ನಡಿ ಹಿಡಿದು ಓದಿದರು. ಅಂಚನ್ನು ಸ್ಕೇಲಿಟ್ಟು ಅಳೆದರು. ಒಂದು ಕೂದಲೆಳೆಯ ತಪ್ಪೂ ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು. ಯಂತ್ರಗಳು ಹೋದವು, ತರಗತಿ ಹೋಯಿತು, ಕರವಸ್ತ್ರ ಹೋಯಿತು, ಇದೊಂದು ಉಳಿದಿದೆ, ಇದನ್ನೂ ಕೊಟ್ಟರೆ ಈ ಕೋಣೆಯಲ್ಲಿ ನಾನು ಯಾರು ಎಂದು ಅವರಿಗೆ ಅನಿಸಿತು. ಹಾಳೆಯನ್ನು ಮೇಜಿನ ಡ್ರಾಯರಿನಲ್ಲಿಟ್ಟು, ಪರಿಶೀಲನೆಯಲ್ಲಿದೆ ಎಂದರು. ಸೊಸೆ ಆಗಲಿ ಅತ್ತೆ ಎಂದಳು. ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದೇ ಒಂದು ಕಿರಿಕಿರಿಯಾಗಿ ಟೀಚರಮ್ಮ ಆ ಡ್ರಾಯರ್ ತೆಗೆಯುವುದನ್ನೇ ಬಿಟ್ಟರು.

ಈ ವರ್ಷ ಸೊಸೆಗೆ ಮೊದಲ ಪುಸ್ತಕದ ಕೆಲಸ ಬಂತು. ಅಲ್ಲಿಯವರೆಗೆ ಅವಳು ಮಾಡಿದ್ದೆಲ್ಲ ಒಂದು ಹಾಳೆ, ಎರಡು ಹಾಳೆಯ ಕೆಲಸ. ಇದು ಜೇನು ಸಾಕುವವರ ಸಂಘದ ಕೈಪಿಡಿ, ನೂರ ಹನ್ನೆರಡು ಪುಟ. ಸಂಘದ ಕಾರ್ಯದರ್ಶಿ ದೊಡ್ಡ ಆಳು, ಆದರೆ ಜೇನುಹುಳುಗಳ ನಡುವೆ ಬದುಕಿ ಬದುಕಿ ಮಾತನ್ನೂ ಕೈಯನ್ನೂ ಬಹಳ ನಿಧಾನ ಮಾಡಿಕೊಂಡಿದ್ದ. ಅವನ ಕೈಬರಹದ ಕಟ್ಟನ್ನು ಸೊಸೆ ಎರಡು ತಿಂಗಳು ಕೂತು ಪುಸ್ತಕ ಮಾಡಿದಳು. ಯಾವ ಚಿತ್ರ ಎಲ್ಲಿ ಬರಬೇಕು, ಯಾವ ಎಚ್ಚರಿಕೆಗೆ ಚೌಕ ಹಾಕಬೇಕು, ಎಲ್ಲ ಅವಳದೇ ಲೆಕ್ಕಾಚಾರ. ಹೊಸ ಸದಸ್ಯರ ಸಭೆ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಅಷ್ಟರಲ್ಲಿ ನಲವತ್ತು ಪ್ರತಿ ಅವರ ಕೈಯಲ್ಲಿರಬೇಕು. ಸೊಸೆ ಏನೂ ಹೇಳಿಕೊಂಡವಳಲ್ಲ. ಆದರೆ ಕೊನೆಯ ಪುಟದ ಕೆಳಗೆ, ಪುಟವಿನ್ಯಾಸ ಎಂದು ಬರೆದು ತನ್ನ ಹೆಸರು ಹಾಕಿ, ಅಳಿಸಿ, ಮತ್ತೆ ಹಾಕಿದ್ದನ್ನು ಟೀಚರಮ್ಮ ದೂರದಿಂದ ನೋಡಿದ್ದರು.

ಇನ್ನು ಕೇಡು ಬಂದದ್ದು ಕೇಳಿ. ಭಾನುವಾರ ಅಂಗಡಿಯ ಶಟರ್ ಎಳೆಯುವಾಗ ಟೀಚರಮ್ಮನ ಎಡಗೈ ಸಿಕ್ಕಿಕೊಂಡು ಉಂಗುರ ಬೆರಳಿನ ಮೂಳೆ ಬಿರುಕು ಬಿಟ್ಟಿತು. ಡಾಕ್ಟರು ಅದಕ್ಕೊಂದು ಪಟ್ಟಿ ಇಟ್ಟು ಪ್ಲಾಸ್ಟರ್ ಸುತ್ತಿ, ಮೂರು ವಾರ ಅಲ್ಲಾಡಿಸಬೇಡಿ ಎಂದರು. ಸೋಮವಾರ ಹಳೆಯ ಪ್ರಿಂಟರ್ ಕೆಮ್ಮಿ ಕೆಮ್ಮಿ ಪ್ರಾಣ ಬಿಟ್ಟಿತು. ಮಂಗಳವಾರ ಮಗ ಹೊಸ ಪ್ರಿಂಟರ್ ತಂದ. ತಂತಿ ಸಿಕ್ಕಿಸಿದ ಕೂಡಲೇ ಕಂಪ್ಯೂಟರ್ ತನ್ನ ಕರ್ತವ್ಯ ಮಾಡಿತು. ಹೊಸ ಯಂತ್ರವನ್ನು ಸೇರಿಸಿಕೊಳ್ಳಲು ಅಡ್ಮಿನ್ ಪಾಸ್‌ವರ್ಡ್ ಕೊಡಿ ಎಂದು ಕೇಳಿತು.

ಟೀಚರಮ್ಮ ಎಲ್ಲರನ್ನೂ ಒಳಗೆ ಚಹಾಕ್ಕೆ ಕಳಿಸಿ ಕೂತರು. ಕಣ್ಣು ಮುಚ್ಚಿ ಬೆರಳು ಬಿಟ್ಟರು. ಒಂದು, ಎರಡು, ಮೂರು, ನಾಲ್ಕು. ಐದನೆಯದು ಉಂಗುರ ಬೆರಳಿನ ಸರದಿ. ಅದು ಪ್ಲಾಸ್ಟರಿನೊಳಗೆ ಸುಮ್ಮನೆ ಮಲಗಿತ್ತು. ಉಳಿದ ಬೆರಳುಗಳು ಅದಕ್ಕಾಗಿ ಕಾದು ನಿಂತವು. ಪಕ್ಕದ ಬೆರಳಿನಿಂದ ಒತ್ತಿ ನೋಡಿದರು, ಆರನೆಯದು ಯಾವುದೆಂದು ಮರೆತುಹೋಯಿತು. ಕಣ್ಣು ಬಿಟ್ಟು ಯೋಚಿಸಿ ಹೊಡೆಯಲು ಹೋದರೆ ಮೊದಲ ನಾಲ್ಕೂ ಕಲಸಿಹೋದವು. ಮೆಟ್ಟಿಲಿಳಿಯುವಾಗ ಕಾಲು ಎಲ್ಲಿಡುತ್ತಿದ್ದೇನೆ ಎಂದು ಯೋಚಿಸಿದರೆ ಎಡವುತ್ತೇವಲ್ಲ, ಹಾಗೆ. ಮೂರು ಸಲ ತಪ್ಪಿದ ಮೇಲೆ ಯಂತ್ರ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಬಾಗಿಲು ಹಾಕಿಕೊಂಡಿತು. ತಾವೇ ಕಲಿಸಿದ ಶಿಸ್ತು ತಮಗೇ ತಿರುಗಿ ಬಂದಿತ್ತು.

ಸೊಸೆ ಚಹಾ ತಂದಾಗ ಅವರ ಬಾಯಿಂದ ಬಂದ ಮಾತು, ಪ್ರಿಂಟರಿಗೆ ಅರ್ಜಿ ಎಲ್ಲಿ ಎಂದು. ಬೇರೆ ಏನೂ ತೋಚಲಿಲ್ಲ. ನನಗೆ ಬರುತ್ತಿಲ್ಲ ಎಂದು ಹೇಳಲು ನಾಲಿಗೆ ಏಳಲೇ ಇಲ್ಲ. ಮೂವತ್ತೆಂಟು ವರ್ಷ ಇನ್ನೊಬ್ಬರ ಬೆರಳು ತಿದ್ದಿದವರಿಗೆ ಅದೊಂದು ವಾಕ್ಯ ಯಾರೂ ಕಲಿಸಿರಲಿಲ್ಲ.

ಬುಧವಾರ ಬೆಳಿಗ್ಗೆ ಅರ್ಜಿ ಬಂತು. ಎಂದಿನಂತೆ ತಪ್ಪಿಲ್ಲದ ಅರ್ಜಿ. ಟೀಚರಮ್ಮ ಅದನ್ನು ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಕೆಂಪು ಪೆನ್ಸಿಲ್ ಎತ್ತಿ ಎರಡನೆಯ ಸಾಲಿನ ಒಂದು ಅಕ್ಷರಕ್ಕೆ ಸುತ್ತು ಹಾಕಿ, ಇದು ಸ್ವಲ್ಪ ಮೇಲೆ ಹೋಗಿದೆ ಎಂದರು. ಅದು ಮೇಲೆ ಹೋಗಿರಲಿಲ್ಲ. ಸರಿ ಇದ್ದದ್ದನ್ನು ತಪ್ಪು ಎಂದು ಅವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಅಂದಿರಲಿಲ್ಲ. ಸೊಸೆ ಆ ಸುತ್ತನ್ನು ನೋಡಿದಳು, ಅತ್ತೆಯ ಮುಖ ನೋಡಿದಳು, ಹಾಳೆ ತೆಗೆದುಕೊಂಡು ಹೋದಳು. ಅವತ್ತು ಟೀಚರಮ್ಮನಿಗೆ ಊಟ ಸೇರಲಿಲ್ಲ.

ಮಧ್ಯಾಹ್ನ ಅವರು ಪೇಟೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಎರಡು ಕಡೆ ಹೋದರು. ಡಾಕ್ಟರ ಹತ್ತಿರ, ಪ್ಲಾಸ್ಟರನ್ನು ಒಂದರ್ಧ ಗಂಟೆಯ ಮಟ್ಟಿಗೆ ಬಿಚ್ಚಲಾದೀತೇ ಎಂದು ಕೇಳಿದರು. ಡಾಕ್ಟರು ಅವರನ್ನೇ ನೋಡಿ, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ರಿಪೇರಿಯವನ ಹತ್ತಿರ, ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗುವ ದಾರಿ ಇದೆಯೇ ಎಂದು ಯಾರೋ ಗೆಳತಿಯ ಪರವಾಗಿ ಕೇಳುವಂತೆ ಕೇಳಿದರು. ಯಂತ್ರ ಬಿಟ್ಟುಹೋದರೆ ಮುಂದಿನ ವಾರ ಮಾಡಿಕೊಡುತ್ತೇನೆ ಎಂದನವನು. ಆಮೇಲೆ, ನಿಮ್ಮಷ್ಟು ಭದ್ರವಾಗಿ ಇಟ್ಟವರು ಈ ಊರಲ್ಲೇ ಇಲ್ಲ ಟೀಚರ್, ನಿಮಗೆ ಈ ಪಾಡು ಬರೋಲ್ಲ ಎಂದು ಹೊಗಳಿಯೂ ಬಿಟ್ಟ. ಆ ಹೊಗಳಿಕೆ ಅವರಿಗೆ ನುಂಗಲಾರದ ತುತ್ತಾಯಿತು.

ಗುರುವಾರ ಇನ್ನೊಂದು ಅರ್ಜಿ. ಇನ್ನೊಂದು ಸುತ್ತು. ಈ ಸಲ ಪೆನ್ಸಿಲಿನ ಮೊನೆ ಮುರಿಯಿತು. ಮಗ ಬಸ್ಸಿನಿಂದ ಇಳಿದು ಬಂದವನು ಎರಡೂ ಹಾಳೆ ನೋಡಿ, ಇವಳದ್ದೂ ರಿಜೆಕ್ಟಾ, ಹಾಗಾದ್ರೆ ನನಗೆ ಇನ್ನು ಅವಮಾನ ಇಲ್ಲ ಎಂದು ಖುಷಿಯಾಗಿ ನಕ್ಕ. ಇಬ್ಬರು ಹೆಂಗಸರೂ ನಗಲಿಲ್ಲ. ಸಂಜೆ ಜೇನು ಸಂಘದ ಕಾರ್ಯದರ್ಶಿ ಬಂದು ಬಾಗಿಲಲ್ಲಿ ನಿಂತು, ಆಗುತ್ತಲ್ವಾ ಎಂದು ಮೆಲ್ಲಗೆ ಕೇಳಿದ. ಆಗುತ್ತೆ ಎಂದಳು ಸೊಸೆ.

ಶುಕ್ರವಾರ ಬೆಳಿಗ್ಗೆ ಅರ್ಜಿ ಬರಲಿಲ್ಲ. ಬದಲಿಗೆ ಸೊಸೆ ಕಂಪ್ಯೂಟರಿನ ಪರದೆಯನ್ನು ಮೂಲೆಯ ಕಡೆಗೆ ತಿರುಗಿಸಿದಳು. ಟೈಪ್‌ರೈಟರಿನ ಮುಂದೆ ಕೂತಳು. ಹಾಳೆ ಏರಿಸಿ, ಪರದೆ ನೋಡಿಕೊಂಡು ಕೈಪಿಡಿಯ ಮೊದಲ ಪುಟವನ್ನು ಟೈಪ್ ಮಾಡತೊಡಗಿದಳು. ಟೀಚರಮ್ಮ ಇದೇನೆಂದು ಕೇಳಿದರು. ನಾಳೆ ಹತ್ತರೊಳಗೆ ಒಂದು ಪ್ರತಿ ಮುಗಿದರೆ ಮೂವತ್ತೊಂಬತ್ತು ಝೆರಾಕ್ಸ್ ಮಾಡಿಸಬಹುದು ಎಂದಳು ಅವಳು. ಯಂತ್ರ ಪೆನ್‌ಡ್ರೈವ್ ಮೂಸುವುದಿಲ್ಲ, ಬೇರೆ ಕಡೆ ಒಯ್ದು ಅಚ್ಚು ಹಾಕಿಸುವಂತಿಲ್ಲ. ಚಿತ್ರಗಳಿರುವುದಿಲ್ಲ, ಚೌಕಗಳಿರುವುದಿಲ್ಲ, ಆದರೆ ಕೊಟ್ಟ ಮಾತಿರುತ್ತದೆ. ನೂರ ಹನ್ನೆರಡು ಪುಟ. ತಲೆ ಎತ್ತದೆ ಇಷ್ಟು ಹೇಳಿದಳು, ಬೆರಳು ನಿಲ್ಲಲಿಲ್ಲ.

ಟೀಚರಮ್ಮ ತಮ್ಮ ಕುರ್ಚಿಯಲ್ಲಿ ಕೂತು ಆ ಸದ್ದು ಕೇಳಿದರು. ಎಷ್ಟೋ ವರ್ಷದ ಮೇಲೆ ಆ ಕೋಣೆಯಲ್ಲಿ ಹಾಗೆ ಟೈಪ್‌ರೈಟರ್ ಓಡುತ್ತಿತ್ತು. ಒಂದೇ ಸಮನೆ, ತಡವರಿಸದೆ, ಸಾಲು ಮುಗಿದಾಗ ಗಂಟೆ, ಮತ್ತೆ ಓಟ. ಅವಳು ಒಮ್ಮೆಯೂ ಕೀ ನೋಡುತ್ತಿರಲಿಲ್ಲ. ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಎಂದು ಮೊದಲು ಅನಿಸಿತು. ಯಾರಿಗೋಸ್ಕರ ಈ ಕಷ್ಟ ಪಡುತ್ತಿದ್ದಾಳೆ ಎಂದು ಆಮೇಲೆ ಅನಿಸಿತು. ಆರನೆಯ ಪುಟ ಏರಿಸುವ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಟೈಪ್‌ರೈಟರಿನ ಮೇಲೆ ಕೈ ಇಟ್ಟರು.

"ನಿಲ್ಸು. ನಿನ್ನ ಅರ್ಜೀಲಿ ತಪ್ಪಿರ್ಲಿಲ್ಲ."

"ಗೊತ್ತು ಅತ್ತೆ."

"ಎರಡರಲ್ಲೂ ಇರ್ಲಿಲ್ಲ."

"ಅದೂ ಗೊತ್ತು."

"ಗೊತ್ತಿದ್ದೂ ಒಂದು ಮಾತು ಕೇಳ್ಲಿಲ್ವಲ್ಲ ನೀನು."

ಸೊಸೆ ಹಾಳೆಯನ್ನು ಸರಿ ಮಾಡುತ್ತಾ ಹೇಳಿದಳು. "ನೀವು ಸುಮ್ಸುಮ್ನೆ ಸುತ್ತು ಹಾಕೋರಲ್ಲ. ಏನೋ ಹೇಳೋಕೆ ಆಗ್ತಿಲ್ಲ ಅಂತ ಗೊತ್ತಾಯ್ತು. ಹೇಳೋವರ್ಗೂ ಕಾಯೋಣ ಅನ್ಕೊಂಡೆ. ಆದ್ರೆ ಶನಿವಾರ ಕಾಯಲ್ವಲ್ಲ."

ಟೀಚರಮ್ಮ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಪ್ಲಾಸ್ಟರಿನ ಬೆರಳನ್ನು ಎತ್ತಿ ತೋರಿಸಿದರು.

"ನಂಗೆ ಪಾಸ್‌ವರ್ಡ್ ಗೊತ್ತಿಲ್ಲ ಕಣೇ. ಯಾವತ್ತೂ ಗೊತ್ತಿರ್ಲಿಲ್ಲ. ಬೆರಳುಗಳಿಗೆ ಗೊತ್ತಿತ್ತು. ಇದೊಂದು ಮಲಗಿಬಿಟ್ಟಿದೆ, ಉಳಿದವು ದಾರಿ ತಪ್ಪಿವೆ."

ಸೊಸೆ ಒಂದು ಕ್ಷಣ ಅರ್ಥವಾಗದೆ ನೋಡಿದಳು. ಅರ್ಥವಾದ ಮೇಲೆ ನಗು ಶುರುವಾಯಿತು. ಬಾಯಿಗೆ ಸೆರಗು ಒತ್ತಿಕೊಂಡಳು, ನಿಲ್ಲಲಿಲ್ಲ. ಗೋಡೆಗೆ ಮುಖ ಮಾಡಿ ನಿಂತ ವಕೀಲರು, ಒಂಬತ್ತು ವರ್ಷ, ಅಷ್ಟು ಗುಟ್ಟು, ಎಂದು ತುಂಡು ತುಂಡಾಗಿ ಏನೋ ಹೇಳುತ್ತಾ ಕಣ್ಣೊರೆಸಿಕೊಂಡಳು. ಟೀಚರಮ್ಮನಿಗೆ ಮೊದಲು ಸಿಟ್ಟು ಬಂತು. ಆಮೇಲೆ ವಕೀಲರ ನೆನಪಾಗಿ ಅವರಿಗೂ ತಡೆಯಲಾಗಲಿಲ್ಲ. ಅತ್ತೆ ಸೊಸೆ ಇಬ್ಬರೂ ಟೈಪ್‌ರೈಟರಿನ ಎರಡು ಕಡೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಟೀಚರಮ್ಮನಿಗೆ ಹಸಿವಾಗತೊಡಗಿತು.

ನಗು ನಿಂತ ಮೇಲೆ ಸೊಸೆ ಎದ್ದು ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ಕೈಗಳನ್ನು ಕೀಲಿಮಣೆಯ ಮೇಲಿಟ್ಟಳು.

"ಮೊದಲನೇ ದಿನ ಹೇಗೆ ಕಲಿಸಿದ್ರೋ ಹಾಗೇ ಕಲಿಸಿ. ನಿಮ್ಮ ಬೆರಳು ಓಡ್ಲಿ, ಒತ್ತೋದು ನಾನು ಒತ್ತುತೀನಿ."

ಟೀಚರಮ್ಮ ಅವಳ ಬೆನ್ನ ಹಿಂದೆ ನಿಂತರು. ಎರಡೂ ಕೈಗಳನ್ನು ಅವಳ ಕೈಗಳ ಮೇಲಿಟ್ಟರು. ಪ್ಲಾಸ್ಟರಿನ ಬೆರಳು ಅವಳ ಉಂಗುರ ಬೆರಳಿನ ಮೇಲೆ ಗಟ್ಟಿಯಾಗಿ ಮಲಗಿತು. ಶುರು ಎಂದರು. ಒಂದು, ಎರಡು, ಮೂರು, ನಾಲ್ಕು, ಐದನೆಯದಕ್ಕೆ ಸೊಸೆ ಕೆಳಗೆ ನೋಡಿಬಿಟ್ಟಳು, ಓಟ ತಪ್ಪಿತು. ಕೀ ನೋಡಬೇಡ ಎಂದು ಟೀಚರಮ್ಮ ಗದರಿದರು. ಗದರುವ ದನಿ ಎಷ್ಟೋ ವರ್ಷಗಳ ಹಿಂದಿನದೇ. ಎರಡನೆಯ ಸಲ ಅವಳು ಕಣ್ಣು ಮುಚ್ಚಿದಳು, ಆದರೆ ಉಂಗುರ ಬೆರಳಿನ ಜೊತೆಗೆ ಪಕ್ಕದ್ದೂ ಒತ್ತಿಬಿಟ್ಟಿತು. ಇನ್ನೊಂದು ಸಲ ತಪ್ಪಿದರೆ ಯಂತ್ರ ಮತ್ತೆ ಬಾಗಿಲು ಹಾಕಿಕೊಳ್ಳುತ್ತದೆ.

ಟೀಚರಮ್ಮ ಸೊಂಟದಿಂದ ಕರವಸ್ತ್ರ ತೆಗೆದು ನಾಲ್ಕು ಕೈಗಳ ಮೇಲೆ ಹೊದಿಸಿದರು. ಬಲಗೈಯಿಂದ ಹೊದಿಸಿ ಅದೇ ಕೈಯನ್ನು ಮತ್ತೆ ಒಳಗೆ ತೂರಿಸಬೇಕಾಯಿತು. ಉಸಿರು ಬಿಡು ಎಂದರು. ಬೆರಳು ಸಡಿಲ ಬಿಡು ಎಂದರು. ತಾವೂ ಕಣ್ಣು ಮುಚ್ಚಿದರು. ಎಣಿಸಲಿಲ್ಲ. ಕರವಸ್ತ್ರದ ಕೆಳಗೆ ಹನ್ನೆರಡು ಸದ್ದಾಯಿತು. ಐದನೆಯದು ಬಂದಾಗ ಪ್ಲಾಸ್ಟರಿನ ಬೆರಳು ಒತ್ತಲಿಲ್ಲ, ಆದರೆ ಅತ್ತೆಯ ಇಡೀ ತೋಳು ಅಲ್ಲಿಗೊಮ್ಮೆ ವಾಲಿತು. ಅದನ್ನು ಸೊಸೆಯ ಬೆರಳು ತಿಳಿದುಕೊಂಡಿತು. ಕಣ್ಣು ಬಿಟ್ಟಾಗ ಪರದೆಯ ಮೇಲೆ, ಪ್ರಿಂಟರ್ ಸಿದ್ಧವಾಗಿದೆ ಎಂದಿತ್ತು.

ಮೊದಲ ಪುಟ ಹೊರಬರುವ ಮುಂಚೆಯೇ ಟೀಚರಮ್ಮ ತಮ್ಮ ಮೇಜಿಗೆ ಹೋಗಿ ಎರಡು ವರ್ಷದಿಂದ ತೆಗೆಯದ ಡ್ರಾಯರ್ ಎಳೆದರು. ಆ ಒಂದು ಸಾಲಿನ ಹಾಳೆಯ ಕೆಳಗೆ ಮಂಜೂರಾಗಿದೆ ಎಂದು ಬರೆದು ತಾರೀಕು ಹಾಕಿ ಸಹಿ ಮಾಡಿದರು. ಯಂತ್ರ ಇನ್ನೂ ತೆರೆದೇ ಇತ್ತು. ಸೊಸೆಯ ಖಾತೆಯನ್ನು ಅಡ್ಮಿನ್ ಮಾಡಿಸಿದರು. ಇಬ್ಬರು ಅಡ್ಮಿನ್‌ಗಳಲ್ಲಿ ಒಬ್ಬರಿಗೆ ಪಾಸ್‌ವರ್ಡ್ ಹೊಡೆಯಲು ಬರದಿದ್ದರೆ ಅದು ಶಿಸ್ತಲ್ಲ ಎಂದು ಹೇಳಿ, ಪ್ಲಾಸ್ಟರ್ ಬಿಚ್ಚುವವರೆಗೆ ತಮ್ಮ ಖಾತೆಯನ್ನು ಸಾಮಾನ್ಯ ಮಾಡಿಸಿದರು. ಸೊಸೆ ಬೇಡ ಎಂದಳು, ಅವರು ಕೇಳಲಿಲ್ಲ. ಹೊಸ ಅಡ್ಮಿನ್ ಹೊಸ ಪಾಸ್‌ವರ್ಡ್ ಹಾಕುವ ಸಮಯ ಬಂದಾಗ ಟೀಚರಮ್ಮ ಯಾರೂ ಹೇಳದೆಯೇ ಎದ್ದು ಗೋಡೆಗೆ ಮುಖ ಮಾಡಿ ನಿಂತರು. ಅಷ್ಟು ಹತ್ತಿರದಿಂದ ಆ ಗೋಡೆಯನ್ನು ಅವರು ನೋಡಿದ್ದು ಅದೇ ಮೊದಲು. ಸುಣ್ಣ ಹೊಡೆಸಬೇಕು ಎಂದುಕೊಂಡರು.

ಸಂಜೆಯವರೆಗೆ ಪುಟಗಳು ಬಂದವು, ಚಿತ್ರಗಳು ಬಂದವು, ಚೌಕಗಳು ಬಂದವು. ಮಗ ಪಿನ್ ಹೊಡೆದ. ಶನಿವಾರ ಬೆಳಿಗ್ಗೆ ಎಂಟಕ್ಕೇ ಕಾರ್ಯದರ್ಶಿ ಬಂದು ನಲವತ್ತು ಪುಸ್ತಕಗಳನ್ನು ಜೇನುಗೂಡು ಎತ್ತುವಷ್ಟು ಜೋಪಾನವಾಗಿ ಎತ್ತಿಕೊಂಡು ಹೋದ. ನಲವತ್ತೊಂದನೆಯದನ್ನು ಟೀಚರಮ್ಮ ತಮಗೆಂದು ಇಟ್ಟುಕೊಂಡು, ಕೊನೆಯ ಪುಟವನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸಿದರು.

ಸೋಮವಾರ ಟೀಚರಮ್ಮ ಅರ್ಜಿ ಹಾಕಿದರು. ಪರದೆಯ ಅಕ್ಷರಗಳು ಬಹಳ ದಿನದಿಂದ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ದೊಡ್ಡದು ಮಾಡಿಕೊಳ್ಳುವ ಅಧಿಕಾರ ಒಂಬತ್ತು ವರ್ಷ ಕೈಯಲ್ಲೇ ಇತ್ತು, ಆದರೆ ಯಾರಾದರೂ ನೋಡಿ ಯಾಕೆ ಎಂದು ಕೇಳಿಯಾರೆಂದು ಹಾಗೇ ಕಣ್ಣು ಕಿರಿದು ಮಾಡಿಕೊಂಡು ನಡೆಸಿದ್ದರು. ಈಗ ಅದನ್ನೇ ಬರೆದರು. ನನಗೆ ಕಣ್ಣು ಸರಿಯಾಗಿ ಕಾಣದ ಕಾರಣ ಅಕ್ಷರಗಳನ್ನು ದೊಡ್ಡದು ಮಾಡಿಕೊಡಬೇಕಾಗಿ ವಿನಂತಿ. ಒಂಬತ್ತು ಬೆರಳಿನಲ್ಲಿ ಟೈಪ್ ಮಾಡಿ, ಹಾಳೆಯನ್ನು ಸೊಸೆಯ ಮುಂದಿಟ್ಟು, ಕೈಕಟ್ಟಿ ಕಾದರು.

ಸೊಸೆ ಓದಿದಳು. ಮಂಜೂರಾಗಿದೆ ಎಂದು ಬರೆದು ಸಹಿ ಹಾಕಿ ಹಾಳೆ ವಾಪಸು ಕೊಟ್ಟಳು.

ಟೀಚರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಉಂಗುರ ಬೆರಳು ಹೊಡೆಯಬೇಕಿದ್ದ ಅಕ್ಷರ ಮೂರು ಕಡೆ ಬಿದ್ದೇ ಇರಲಿಲ್ಲ. ಹಾಳೆಯ ಮೇಲೆ ಕೆಂಪು ಎಲ್ಲಿಯೂ ಇರಲಿಲ್ಲ. ಸೊಸೆಯ ಕೈಯ ಪಕ್ಕದಲ್ಲೇ, ಮೊನೆ ಮುರಿದು ಮತ್ತೆ ಚೂಪು ಮಾಡಿದ ಆ ಪೆನ್ಸಿಲ್ ಇತ್ತು. ಅವರ ಬಾಯಿಂದ ಬಂದದ್ದು ಬೈಗುಳವೇ.

"ಮೂರು ತಪ್ಪಿದೆ. ಕಣ್ಣು ಎಲ್ಲಿಟ್ಟಿದ್ದೆ?"

"ಹಾಳೆ ಮೇಲೇ ಇಟ್ಟಿದ್ದೆ ಅತ್ತೆ," ಎಂದಳು ಸೊಸೆ. "ನಂಗೆ ಒಂದೂ ಕಾಣ್ಲಿಲ್ಲ."

ಟೀಚರಮ್ಮ ಪೆನ್ಸಿಲ್ ಎತ್ತಿಕೊಂಡು ತಾವೇ ಮೂರು ಸುತ್ತು ಹಾಕಿದರು. ಹೀಗೆ ಸಡಿಲ ಬಿಟ್ಟರೆ ನಾಳೆ ನಿನ್ನ ಗಂಡ ಮತ್ತೆ ಬಸ್ಸು ತಂದು ಪರದೆ ಮೇಲೆ ನಿಲ್ಲಿಸುತ್ತಾನೆ ಎಂದು ಗೊಣಗುತ್ತಾ, ಸರಿಯಾದ ಅರ್ಜಿ ಬರೆಯಲು ಮೂಲೆಯ ಟೈಪ್‌ರೈಟರಿಗೆ ಹೋಗಿ ಕೂತರು. ಹಾಳೆ ಏರಿಸಿ ತಲೆ ಎತ್ತಿದಾಗ ಪರದೆಯ ಅಕ್ಷರಗಳು ಆಗಲೇ ದೊಡ್ಡದಾಗಿದ್ದವು. ಅಷ್ಟು ದೂರದಿಂದ, ಕಣ್ಣು ಕಿರಿದು ಮಾಡದೆ, ಸೊಸೆ ಏನು ಟೈಪ್ ಮಾಡುತ್ತಿದ್ದಾಳೆ ಎಂದು ಅವರಿಗೆ ಸ್ಪಷ್ಟವಾಗಿ ಕಂಡಿತು. ನಾಲ್ಕನೆಯ ಸಾಲಿನಲ್ಲಿ ಎರಡು ಪದಗಳ ನಡುವೆ ಒಂದು ಜಾಗ ಹೆಚ್ಚಾಗಿದೆ ಎಂದು ಅವರು ಕೂತಲ್ಲಿಂದಲೇ ಕೂಗಿ ಹೇಳಿದರು.